ಕರಾವಳಿಯಲ್ಲಿ ಹಳೇ ಫಿಲ್ಮ್ ಕ್ಯಾಮೆರಾ ಕೊಳ್ಳುವಾಗ

ಮಂಗಳೂರು, ಉಡುಪಿ ಕಡೆ ಹಳೇ ಕ್ಯಾಮೆರಾ ಕೈಗೆ ಸಿಕ್ಕರೆ ಮೊದಲು ನೋಡಬೇಕಾದ್ದು ಬ್ರ್ಯಾಂಡ್ ಅಲ್ಲ, ಬೂಷ್ಟು. ಲೆನ್ಸ್ ಕಳಚಿ, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಾಯಿಸಿ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದೇ. ಅಂಚಿನಲ್ಲಿ ಒಂದೆರಡು ಎಳೆಯಿದ್ದರೆ ಚಿತ್ರಕ್ಕೆ ಅಷ್ಟೇನೂ ತೊಂದರೆಯಿಲ್ಲ, ಚೌಕಾಸಿ ಮಾಡಿ ಕೊಳ್ಳಬಹುದು. ನಡುವೆ ಹಬ್ಬಿದ್ದರೆ ಬಿಟ್ಟುಬಿಡಿ. ಗಾಜಿನ ಲೇಪನವನ್ನೇ ತಿಂದಿದ್ದರೆ ಎಷ್ಟು ಒರೆಸಿದರೂ ಗುರುತು ಹೋಗದು.

ಆಮೇಲೆ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಪರದೆ. ವೇಗ 1 ಸೆಕೆಂಡಿಗೆ ಇಟ್ಟು ಒತ್ತಿ, ಕಿವಿಗೊಟ್ಟು ಕೇಳಿ. ಒಳಗಿನ ಗ್ರೀಸ್ ಗಟ್ಟಿಯಾಗಿದ್ದರೆ ಎಳೆದಾಡುತ್ತದೆ, ಇಲ್ಲವೇ ನಡುವೆಯೇ ನಿಲ್ಲುತ್ತದೆ. ಹಿಂಬಾಗಿಲ ಅಂಚಿನ ಕಪ್ಪು ಫೋಮ್ ಬೆರಳಿಗೆ ಡಾಂಬರಿನಂತೆ ಅಂಟಿದರೆ ಮಾತ್ರ ಹೆದರಬೇಡಿ. ಕೆರೆದು ತೆಗೆದು ಹೊಸದು ಅಂಟಿಸುವುದು ಒಂದು ಸಂಜೆಯ ಕೆಲಸ. ಹಾಗೇ ಬಿಟ್ಟು ಫಿಲ್ಮ್ ಹಾಕಿದರೆ ಬೆಳಕು ಸೋರಿ ಚಿತ್ರದ ಮೇಲೆ ಪಟ್ಟೆ ಬೀಳುತ್ತದೆ.

ಮೊದಲ ಸಲಕ್ಕೆ ಪೆಂಟ್ಯಾಕ್ಸ್ ಕೆ1000 ಒಳ್ಳೆಯದು. 1976ರಿಂದ 1997ರವರೆಗೆ ತಯಾರಾದದ್ದು. ಎಲ್‌ಆರ್44 ಎಂಬ ಗುಂಡಿಯಂಥ ಬ್ಯಾಟರಿ ಬರೀ ಬೆಳಕು ಅಳೆಯುವ ಮೀಟರಿಗೆ, ಅದಿಲ್ಲದೆಯೂ ಶಟರ್ ಓಡುತ್ತದೆ. ಮೀಟರಿಗೆ ಆಫ್ ಸ್ವಿಚ್ ಇಲ್ಲ, ಆದ್ದರಿಂದ ಬ್ಯಾಟರಿ ಉಳಿಯಲು ಲೆನ್ಸಿನ ಮುಚ್ಚಳ ಹಾಕಿಯೇ ಇಡಿ. ಮಲ್ಪೆಯ ಬಿಸಿಲು ಮರಳಿನಲ್ಲಿ ಮೀಟರ್ ಮೋಸಹೋಗುತ್ತದೆ, ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡಿ.

ಮನೆಗೆ ತಂದ ಮೇಲೆ ಚರ್ಮದ ಕೇಸಿನಲ್ಲಿ ಇಡಲೇಬೇಡಿ, ಅದು ತೇವ ಹಿಡಿದಿಡುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ ಸಾಕು. ಮಾಪಕದ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಆಟಿ ತಿಂಗಳಲ್ಲಿ (ತುಳುನಾಡಿನ ಜೋರು ಮಳೆಯ ತಿಂಗಳು) ವಾರಕ್ಕೊಮ್ಮೆ ತೆರೆದು ಜೆಲ್‌ನ ಬಣ್ಣ ನೋಡಿ, ಬದಲಾಗಿದ್ದರೆ ಅದು ತೇವ ಹೀರಿದೆ ಎಂದರ್ಥ.