ಹಳೆಯ ತಾರಸಿಯ ಜಲ್ಲಿ ನೀರು ಕುಡಿದಾಗ

ಉಡುಪಿಯ ನಮ್ಮ ಹಳೆಯ ಮನೆಯ ತಾರಸಿಯನ್ನು ಕೆಡವಿದಾಗ ಸಿಕ್ಕ ಕಾಂಕ್ರೀಟನ್ನು 20 ಮಿ.ಮೀ. ಜಲ್ಲಿಯಾಗಿ ಒಡೆಸಿ, ಅಂಗಳಕ್ಕೆ ಹಾಕುವ ಕಾಂಕ್ರೀಟಿನ ಜಲ್ಲಿಯಲ್ಲಿ ಕಾಲು ಭಾಗ ಅದನ್ನೇ ಬೆರೆಸಿದೆ. ಮೊದಲ ದಿನ ಕಲಸಿದ್ದು ಹರಡುವ ಮೊದಲೇ ಬಿಗಿಯಾಯಿತು. ಮೇಸ್ತ್ರಿಗಳು ಸಿಮೆಂಟನ್ನು ದೂರಿದರು. ಒಂದು ತುಂಡನ್ನು ಕೈಗೆತ್ತಿಕೊಂಡು ನೋಡಿದರೆ ಕರಿಗಲ್ಲಿನ ಸುತ್ತ ಹಳೆಯ ಗಾರೆ ಅಂಟಿಕೊಂಡಿತ್ತು, ಅದರ ಮೇಲೆ ಬಿಟ್ಟ ನೀರಿನ ಹನಿ ಕ್ಷಣದಲ್ಲಿ ಇಂಗಿಹೋಯಿತು. ಕಲಸುವ ನೀರನ್ನು ಹೆಚ್ಚಿಸಿದರೆ ಬಲ ಕುಗ್ಗುವುದರಿಂದ, ಜಲ್ಲಿಯಲ್ಲಿ ಸೇರಿದ್ದ ಮುರಕಲ್ಲಿನ (ಜಂಬಿಟ್ಟಿಗೆಯ) ಚೂರುಗಳನ್ನು ಆರಿಸಿ ತೆಗೆದು, ಜಲ್ಲಿಯನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು, ಮೇಲ್ಮೈಯ ಪಸೆ ಆರಿದ ಮೇಲೆ ಬಳಸಿದೆವು. ಈ ಬಾರಿ ಸಲೀಸಾಗಿ ಹರಡಿತು. ಜಲ್ಲಿ-ಮರಳಿನ ಭಾರತೀಯ ಮಾನಕ ಐಎಸ್ 383:2016 ಸಾದಾ ಕಾಂಕ್ರೀಟಿಗೆ ಇಂತಹ ಜಲ್ಲಿಯನ್ನು ಶೇ. 25ರವರೆಗೆ, ಎಂ25 ಎಂಬ ಬಲದ ದರ್ಜೆಯವರೆಗಿನ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿಗೆ ಶೇ. 20ರವರೆಗೆ ಒಪ್ಪುತ್ತದೆಯಾದರೂ, ಕಡಲ ಉಪ್ಪುಗಾಳಿ ಬೀಸುವ ನಮ್ಮ ಊರಿನಲ್ಲಿ ಕಂಬಗಳಿಗೆ ಅದನ್ನು ಹಾಕುವ ಧೈರ್ಯ ನನಗಿಲ್ಲ.