ಮೆಟ್ಟಿಲು ಎಣಿಸಿ, ಕೋಣೆ ಹಿಡಿಯಿರಿ: ಸಿಯೆನಾದಲ್ಲಿ ತಂಗುವುದು ಹೇಗೆ?

ಲಿಫ್ಟ್ ಇದೆ ಎಂದು ಹೋಟೆಲಿನ ಜಾಲತಾಣದಲ್ಲಿ ಬರೆದಿತ್ತು. ಇತ್ತು ಕೂಡ. ಆದರೆ ಅದರ ಬಾಗಿಲು ಮುಟ್ಟಬೇಕಾದರೆ 22 ಮೆಟ್ಟಿಲು ಹತ್ತಬೇಕಿತ್ತು. ಮಂಡಿನೋವಿನ ಅಮ್ಮ ಹೆಬ್ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಕುಳಿತು, ‘ಲಿಫ್ಟಿನವರೆಗೆ ಹೋಗುವುದಕ್ಕೆ ಇನ್ನೊಂದು ಲಿಫ್ಟ್ ಇಟ್ಟಿಲ್ಲವೇನೋ?’ ಎಂದು ಕೇಳಿದರು. ಕನ್ನಡದ ಒಂದಕ್ಷರವೂ ಬಾರದ ಸ್ವಾಗತಕಾರ ಹುಡುಗನಿಗೆ ಪ್ರಶ್ನೆ ಪೂರ್ತಿ ಅರ್ಥವಾಗಿತ್ತು. ಭುಜ ಕುಣಿಸಿ, ಎರಡೂ ಸೂಟ್‌ಕೇಸುಗಳನ್ನು ಎತ್ತಿಕೊಂಡು ಮುಂದೆ ನಡೆದ.

ಇಟಲಿಯ ಟಸ್ಕನಿ ಪ್ರಾಂತ್ಯದ ಸಿಯೆನಾ ಗುಡ್ಡದ ಮೇಲಿನ ಊರು. ಸುತ್ತ ಕೋಟೆಗೋಡೆ, ಒಳಗೆ ಏರಿಳಿಯುವ ಓಣಿಗಳು, ಮಧ್ಯಯುಗದ ಇಟ್ಟಿಗೆಯ ಮನೆಗಳು. ಹಳೆಯ ಊರು 1995ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಗೋಡೆಯೊಳಗಿನ ಅನೇಕ ಹೋಟೆಲುಗಳು ಒಂದು ಕಾಲಕ್ಕೆ ಯಾರದೋ ಮನೆಯಾಗಿದ್ದವು, ಇಲ್ಲವೇ ಮಠವಾಗಿದ್ದವು. ಗೋಡೆ ಒಡೆದು ಲಿಫ್ಟ್ ಇಳಿಸುವುದಾಗಲಿ, ಕಿಟಕಿ ದೊಡ್ಡದು ಮಾಡುವುದಾಗಲಿ ಮಾಲೀಕನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಕಾಸು ಕೊಟ್ಟರೂ ಸಿಗದ ಸೌಕರ್ಯಗಳು ಇಲ್ಲಿ ಕೆಲವಿವೆ. ಅವು ಯಾವುವು ಎಂದು ಮನೆಯಲ್ಲಿರುವಾಗಲೇ ತಿಳಿದುಕೊಂಡರೆ ಸ್ವಾಗತದ ಮೇಜಿನ ಮುಂದೆ ಜಗಳ ತಪ್ಪುತ್ತದೆ. ಪೆರುಜಾ, ಒರ್ವಿಯೆತೋ, ಅಸ್ಸಿಸಿಯಂಥ ಗುಡ್ಡದೂರುಗಳಿಗೆ ಹೊರಟವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ದಿನಾಂಕ, ಆಮೇಲೆ ಕೋಣೆ

ಸಿಯೆನಾದ ಕುದುರೆ ಪಂದ್ಯ ‘ಪಾಲಿಯೋ’ ವರ್ಷಕ್ಕೆ ಎರಡು ಸಲ ನಡೆಯುತ್ತದೆ: ಜುಲೈ 2 ಮತ್ತು ಆಗಸ್ಟ್ 16. ಊರಿನ 17 ಕೇರಿಗಳ ಪೈಕಿ 10 ಕೇರಿಗಳ ಕುದುರೆಗಳು ಪಿಯಾಜ್ಜಾ ಡೆಲ್ ಕಾಂಪೋ ಎಂಬ ಚಿಪ್ಪಿನಾಕಾರದ ಚೌಕವನ್ನು ಮೂರು ಸುತ್ತು ಹಾಕುತ್ತವೆ. ಓಟ ಒಂದೂವರೆ ನಿಮಿಷದಲ್ಲಿ ಮುಗಿದರೂ ಅದರ ಸಡಗರ ನಾಲ್ಕು ದಿನದ್ದು. ಚೌಕಕ್ಕೆ ಮಣ್ಣು ಹಾಸಿ, ಜೂನ್ 29ರಿಂದ ಮತ್ತು ಆಗಸ್ಟ್ 13ರಿಂದ ಬೆಳಗ್ಗೆ ಸಂಜೆ ಪೂರ್ವಾಭ್ಯಾಸದ ಓಟ ನಡೆಸುತ್ತಾರೆ. ಆ ದಿನಗಳಲ್ಲಿ ಕೋಣೆಯ ಬಾಡಿಗೆ ದಸರಾ ಸಮಯದ ಮೈಸೂರನ್ನು ನೆನಪಿಸುತ್ತದೆ. ಒಂದು ರಾತ್ರಿಗೆ ಮಾತ್ರ ಕೋಣೆ ಕೊಡಲು ಹಲವರು ಒಪ್ಪುವುದೂ ಇಲ್ಲ.

ಪಾಲಿಯೋ ನೋಡಲೇಬೇಕೆಂದಿದ್ದರೆ ತಿಂಗಳುಗಳ ಮೊದಲೇ ಕೋಣೆ ಹಿಡಿಯಿರಿ. ಬೇಡವೆಂದಿದ್ದರೆ ಈ ಎರಡು ವಾರಗಳನ್ನು ಬಿಟ್ಟುಬಿಡಿ. ಬೇಸಿಗೆಯುದ್ದಕ್ಕೂ ಕೇರಿಯ ಹುಡುಗರು ಡೋಲು ಅಭ್ಯಾಸ ಮಾಡುತ್ತಿರುತ್ತಾರೆ ಎಂಬುದೂ ಗೊತ್ತಿರಲಿ. ನನ್ನ ಕೇಳಿದರೆ ಏಪ್ರಿಲ್ ಕೊನೆಯಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಎನ್ನುತ್ತೇನೆ.

ಗೋಡೆಯ ಒಳಗೋ, ಹೊರಗೋ?

ಹಗಲಿಡೀ ಫ್ಲಾರೆನ್ಸಿನಿಂದ ಬಂದ ಪ್ರವಾಸಿಗಳು ಸಂಜೆಯ ಬಸ್ಸಿಗೆ ಹೊರಟ ಮೇಲೆ ಕಾಂಪೋ ಊರಿನವರ ಕೈಗೆ ಮರಳುತ್ತದೆ. ಇಳಿಜಾರಿನ ಇಟ್ಟಿಗೆಯ ನೆಲ ಇನ್ನೂ ಬೆಚ್ಚಗಿರುತ್ತದೆ. ಮಕ್ಕಳು ಚೆಂಡು ಉರುಳಿಸುತ್ತಿರುತ್ತವೆ. ಅದನ್ನು ನೋಡಬೇಕಾದರೆ ಗೋಡೆಯೊಳಗೇ ಇರಬೇಕು. ಕಾರು ಬಾಡಿಗೆಗೆ ತೆಗೆದುಕೊಂಡು ಟಸ್ಕನಿ ಸುತ್ತುವವರಿಗೆ ಹೊರಗಿನ ಹೋಟೆಲೇ ವಾಸಿ.

ಯಾಕೆಂದರೆ ಒಳಗೆಲ್ಲ ‘ಝೆಡ್‌ಟಿಎಲ್’, ಅಂದರೆ ವಾಹನ ನಿರ್ಬಂಧಿತ ವಲಯ. ಊರೊಳಗೆ ಕಾರುಗಳಿಗೆ ತಡೆ ಹಾಕುವ ಕೆಲಸವನ್ನು ಸಿಯೆನಾ 1960ರ ದಶಕದಲ್ಲೇ ಶುರುಮಾಡಿತ್ತು. ವಲಯದ ಬಾಯಿಯಲ್ಲಿ ಕೆಂಪು ವೃತ್ತದ ಫಲಕ, ಪಕ್ಕದಲ್ಲಿ ಕ್ಯಾಮೆರಾ. ಅಡ್ಡಗಟ್ಟೆ ಇಲ್ಲ, ಪೊಲೀಸರಿಲ್ಲ, ಯಾರೂ ಸೀಟಿ ಊದುವುದಿಲ್ಲ. ನಿರಾಳವಾಗಿ ಒಳಗೆ ಹೋಗಿ ಬರಬಹುದು. ದಂಡದ ಚೀಟಿ ಬರುವುದು ನೀವು ಊರಿಗೆ ಮರಳಿ ಫೋಟೊಗಳನ್ನೂ ಮರೆತ ಮೇಲೆ. ವಿದೇಶದಲ್ಲಿ ವಾಸಿಸುವವರಿಗೆ ನೋಟಿಸು ಕಳಿಸಲು ಇಟಲಿಯ ಕಾನೂನು 360 ದಿನಗಳ ಅವಕಾಶ ಕೊಟ್ಟಿದೆ. ಬಾಡಿಗೆ ಕಂಪನಿ ನಿಮ್ಮ ವಿಳಾಸ ಕೊಟ್ಟದ್ದಕ್ಕೆ ತನ್ನ ಶುಲ್ಕವನ್ನು ಬೇರೆ ಮುರಿದುಕೊಳ್ಳುತ್ತದೆ. 

ಸಾಮಾನು ಇಳಿಸಲು ಒಳಗೆ ಹೋಗಲೇಬೇಕಿದ್ದರೆ ಕಾರಿನ ನೋಂದಣಿ ಸಂಖ್ಯೆಯನ್ನು ಹೋಟೆಲಿಗೆ ಮೊದಲೇ ಕಳಿಸಿ. ಅವರು ಅನುಮತಿ ಪಡೆದದ್ದು ಖಚಿತವಾದ ಮೇಲೆಯೇ ಚಕ್ರ ಒಳಗಿಡಿ. ಅದಕ್ಕಿಂತ ಸುಲಭದ ದಾರಿಯೆಂದರೆ ಸಾಂತಾ ಕತೆರೀನಾ ಎಂಬ ವಾಹನ ನಿಲುಗಡೆ. ಅಲ್ಲಿಂದ ದುವೊಮೋ, ಅಂದರೆ ಪ್ರಧಾನ ಚರ್ಚಿನ ಸಮೀಪದವರೆಗೆ ಎಸ್ಕಲೇಟರುಗಳಿವೆ. ಭಾರತದ ಚಾಲನಾ ಪರವಾನಗಿಯ ಜೊತೆ ಅಂತರರಾಷ್ಟ್ರೀಯ ಪರವಾನಗಿಯೂ ಬೇಕು. ಅದನ್ನು ಇಲ್ಲೇ, ನಿಮ್ಮ ಆರ್‌ಟಿಒ ಮೂಲಕ ಮಾಡಿಸಿಕೊಂಡು ಹೋಗಿ.

ಹಣ ಕಟ್ಟುವ ಮುನ್ನ ಒಂದು ಮಿಂಚಂಚೆ

ಸರಳ ಇಂಗ್ಲಿಷಿನಲ್ಲಿ ಬರೆದರೆ ಸಾಕು, ಉತ್ತರ ಬರುತ್ತದೆ. ಲಿಫ್ಟ್ ಇದೆಯೇ ಎಂದು ಕೇಳಬೇಡಿ, ನಾನು ಮಾಡಿದ ತಪ್ಪು ಅದೇ. ಬೀದಿಯಿಂದ ನಮ್ಮ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು ಎಂದು ಕೇಳಿ. ಹಳೆಯ ಶ್ರೀಮಂತರ ಮನೆಗಳಲ್ಲಿ ಒಂದೊಂದು ಮಹಡಿಯೂ ನಮ್ಮ ಒಂದೂವರೆ ಮಹಡಿಯಷ್ಟು ಎತ್ತರ. ‘ಎರಡನೆಯ ಮಹಡಿ’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಲಿಫ್ಟ್ ಇದ್ದರೂ ಒಬ್ಬರು ಮತ್ತು ಒಂದು ಪೆಟ್ಟಿಗೆ ಹಿಡಿಸಿದರೆ ಹೆಚ್ಚು.

ಕಿಟಕಿ ಬೀದಿಗೋ, ಒಳಾಂಗಣಕ್ಕೋ? ಬೀದಿಗಾದರೆ ನೋಟ, ಒಳಾಂಗಣಕ್ಕಾದರೆ ನಿದ್ದೆ. ಬಚ್ಚಲು ಕೋಣೆಯೊಳಗೇ ಇದೆಯೇ, ಕಾರಿಡಾರಿನ ಆಚೆಗೋ? ರಾತ್ರಿ ಎಷ್ಟು ಗಂಟೆಯವರೆಗೆ ಸ್ವಾಗತದಲ್ಲಿ ಜನ ಇರುತ್ತಾರೆ? ಚಿಕ್ಕ ಹೋಟೆಲುಗಳಲ್ಲಿ ಎಂಟು ಗಂಟೆಗೇ ಮೇಜು ಖಾಲಿಯಾಗುವುದುಂಟು. ತಡವಾಗಿ ತಲುಪುವವರು ಹೆಬ್ಬಾಗಿಲ ಸಂಕೇತ ಸಂಖ್ಯೆಯನ್ನು ಮೊದಲೇ ತರಿಸಿಕೊಳ್ಳಬೇಕು. ಹಾಸಿಗೆಯ ವಿಷಯವನ್ನಂತೂ ಬಾಯಿಬಿಟ್ಟು ಹೇಳಿ. ‘ಮಾತ್ರಿಮೋನಿಯಾಲೆ’ ಎಂದರೆ ದಂಪತಿಗಳ ಒಂದೇ ದೊಡ್ಡ ಮಂಚ. ಇಬ್ಬರು ಗೆಳೆಯರು ಕಣ್ಣುಮುಚ್ಚಿ ಅದನ್ನು ಕಾಯ್ದಿರಿಸಿಕೊಂಡು, ನಡುವೆ ದಿಂಬಿನ ಗೋಡೆ ಕಟ್ಟಿ ಮಲಗಿದ ಕಥೆ ನನಗೆ ಗೊತ್ತು. ಬೇರೆ ಬೇರೆ ಮಂಚ ಬೇಕಿದ್ದರೆ ‘ಲೆತ್ತಿ ಸೆಪರಾತಿ’ ಎಂದು ಬರೆಯಿರಿ.

ಇನ್ನೊಂದು: 2025ರ ಜನವರಿಯಿಂದ ಇಟಲಿಯ ಪ್ರತಿ ವಸತಿಗೃಹವೂ ‘ಚಿನ್’ ಎಂಬ ರಾಷ್ಟ್ರೀಯ ಗುರುತಿನ ಸಂಖ್ಯೆಯನ್ನು ಬಾಗಿಲಲ್ಲೂ ಜಾಹೀರಾತಿನಲ್ಲೂ ತೋರಿಸಬೇಕು. ‘ಐಟಿ’ ಎಂದು ಶುರುವಾಗುವ ಆ ಸಂಖ್ಯೆ ಇಲ್ಲದ ಮನೆಗೆ, ಬಾಡಿಗೆ ಎಷ್ಟೇ ಅಗ್ಗವಿರಲಿ, ಮುಂಗಡ ಕಳಿಸಬೇಡಿ.

ಇನಿಷಿಯಲ್ ಇರುವವರ ಪಾಡು

ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಊರು, ಅಪ್ಪ, ತಾನು ಎಲ್ಲರೂ ಒಂದೇ ಸಾಲಿನಲ್ಲಿ ಇರುತ್ತಾರೆ. ಇಟಲಿಯ ಅರ್ಜಿಗಳಲ್ಲಿ ‘ಕೊನ್ಯೋಮೆ’ ಎಂದರೆ ಮನೆತನದ ಹೆಸರು, ‘ನೋಮೆ’ ಎಂದರೆ ನಿಮ್ಮ ಹೆಸರು. ಮೊದಲನೆಯದನ್ನು ಖಾಲಿ ಬಿಡಲು ಗಣಕ ಒಪ್ಪುವುದಿಲ್ಲ. ಅಲ್ಲಿ ಒಂದು ಅಕ್ಷರ ಒತ್ತಿ ಮುಂದೆ ಹೋದರೆ, ನೀವು ತಲುಪಿದಾಗ ‘ಕೆ’ ಎಂಬ ಒಬ್ಬರಿಗೆ ಕೋಣೆ ಸಿದ್ಧವಿರುತ್ತದೆ. ಕಾಯ್ದಿರಿಸಿದ ಕೂಡಲೇ ಎಲ್ಲರ ಹೆಸರನ್ನೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆದು ಕಳಿಸಿ, ದೃಢೀಕರಣ ಪತ್ರದಲ್ಲಿ ಅದೇ ಬರುವಂತೆ ಕೇಳಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ಅರ್ಜಿಗೂ ಲಗತ್ತಿಸಬೇಕಾದದ್ದು ಇದೇ ಪತ್ರ.

ತಲುಪುವುದು

ಫ್ಲಾರೆನ್ಸಿನಿಂದ ಸಿಯೆನಾಕ್ಕೆ ರೈಲೂ ಇದೆ, ಬಸ್ಸೂ ಇದೆ. ರೈಲು ನಿಲ್ದಾಣ ಗುಡ್ಡದ ಬುಡದಲ್ಲಿದೆ. ಎದುರಿನ ವಾಣಿಜ್ಯ ಸಂಕೀರ್ಣದೊಳಗಿಂದ ಒಂದಾದ ಮೇಲೊಂದು ಎಸ್ಕಲೇಟರ್ ಹಿಡಿದು ಮೇಲೇರಿದರೆ ಕಮೋಲಿಯಾ ದ್ವಾರದ ಕಡೆಗೆ ಬರುತ್ತೀರಿ. ಅಲ್ಲಿಂದ ಕಾಂಪೋವಿಗೆ ಇನ್ನೂ ಸುಮಾರು ಒಂದೂವರೆ ಕಿಲೋಮೀಟರ್ ನಡಿಗೆ. ಬಸ್ ಹಿಡಿದರೆ ನೇರವಾಗಿ ಮೇಲಿನ ಪಿಯಾಜ್ಜಾ ಗ್ರಾಮ್ಶಿಯ ಬಳಿ ಇಳಿಯಬಹುದು. ‘ರಾಪಿಡಾ’ ಎಂದು ಬರೆದ ಬಸ್ಸಾದರೆ ಒಂದೂಕಾಲು ಗಂಟೆ. ಉಳಿದವು ಹಳ್ಳಿಹಳ್ಳಿಯನ್ನೂ ಮಾತಾಡಿಸಿಕೊಂಡು ಬರುತ್ತವೆ. ಹಿರಿಯರಿದ್ದರೆ ಟ್ಯಾಕ್ಸಿಗೆ ಜಿಪುಣತನ ಬೇಡ, ಅವುಗಳಿಗೆ ನಿರ್ಬಂಧಿತ ವಲಯದೊಳಗೂ ಪ್ರವೇಶವಿದೆ. ಕೈ ತೋರಿಸಿದರೆ ನಿಲ್ಲುವುದಿಲ್ಲ. ಟ್ಯಾಕ್ಸಿ ನಿಲ್ದಾಣದಲ್ಲಿ ಹತ್ತಬೇಕು, ಇಲ್ಲವೇ ಫೋನ್ ಮಾಡಬೇಕು. ಚಕ್ರದ ಪೆಟ್ಟಿಗೆ ಕಲ್ಲುಹಾಸಿನ ಮೇಲೆ ಕುಣಿಯುವ ಸದ್ದು ಇಡೀ ಓಣಿಗೆ ಕೇಳುತ್ತದೆ. ಬೆನ್ನಿಗೆ ಹಾಕುವ ಚೀಲವೇ ಮೇಲು.

ಸ್ವಾಗತದ ಮೇಜಿನಲ್ಲಿ

ಮಕ್ಕಳದೂ ಸೇರಿ ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ. ಗಾಬರಿ ಬೇಡ. ತಂಗುವವರ ವಿವರವನ್ನು 24 ಗಂಟೆಗಳೊಳಗೆ ಪೊಲೀಸರಿಗೆ ಕಳಿಸುವುದು ಅಲ್ಲಿನ ಹೋಟೆಲಿನವರ ಕರ್ತವ್ಯ. 1931ರ ಕಾನೂನಿಗೆ ಸೇರಿದ ನಿಯಮ. ವಿದೇಶಿಯರು ಬಂದರೆ ನಮ್ಮ ಲಾಡ್ಜಿನವರು ತುಂಬುವ ಫಾರ್ಮಿನ ಹಾಗೆಯೇ ಇದು. ಬರೆದುಕೊಂಡ ಮೇಲೆ ಪಾಸ್‌ಪೋರ್ಟ್ ವಾಪಸ್ ಕೇಳಿ ಪಡೆಯಿರಿ. ಪ್ಯಾರಿಸ್, ಫ್ರಾಂಕ್‌ಫರ್ಟಿನಂಥ ಷೆಂಗೆನ್ ನಗರದ ಮೂಲಕ ಬಂದವರು ಇಟಲಿಯಲ್ಲಿರುವುದನ್ನು ಪೊಲೀಸರಿಗೆ ತಿಳಿಸಬೇಕೆಂಬ ನಿಯಮವೂ ಉಂಟು. ಹೋಟೆಲಿನಲ್ಲಿ ನೀವು ಸಹಿ ಮಾಡಿದ ನೋಂದಣಿ ಪತ್ರದ ಪ್ರತಿಯೇ ಅದಕ್ಕೆ ಸಾಕ್ಷಿ. ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಕೋಣೆಯ ಬಾಡಿಗೆ ಮೊದಲೇ ಕಟ್ಟಿದ್ದರೂ ತಲೆಗೆ, ರಾತ್ರಿಗೆ ಇಷ್ಟು ಎಂದು ಪುರಸಭೆಯ ವಾಸ್ತವ್ಯ ತೆರಿಗೆ ಬೇರೆ ಇದೆ. ನಕ್ಷತ್ರ ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಚಿಲ್ಲರೆ ಯೂರೊ ಜೇಬಿನಲ್ಲಿರಲಿ.

ಬಚ್ಚಲಿನ ಪಾಠಗಳು

ನಲ್ಲಿಯ ಮೇಲೆ ‘ಸಿ’ ಎಂದಿದ್ದರೆ ‘ಕಾಲ್ದೋ’, ಬಿಸಿನೀರು. ‘ಎಫ್’ ಎಂದರೆ ‘ಫ್ರೆದ್ದೋ’, ತಣ್ಣೀರು. ಇಂಗ್ಲಿಷ್ ಬಲ್ಲವನೆಂಬ ಹಮ್ಮಿನಲ್ಲಿ ನಾನು ‘ಸಿ’ ತಿರುಗಿಸಿ ಕೆಳಗೆ ತಲೆಯೊಡ್ಡಿದೆ. ಕೂಗಿ ಹಿಂದೆ ಸರಿದವನು ಆಸರೆಗೆ ಹಿಡಿದುಕೊಂಡದ್ದು ಗೋಡೆಯ ಮೇಲಿಂದ ಇಳಿಬಿದ್ದ ಬಿಳಿಯ ದಾರ. ಅದು ಬಟ್ಟೆ ಒಣಗಿಸುವ ಹಗ್ಗವಲ್ಲ, ಬಚ್ಚಲಲ್ಲಿ ಜಾರಿ ಬಿದ್ದವರು ಸಹಾಯ ಕರೆಯುವ ಗಂಟೆ. ಅರ್ಧ ನಿಮಿಷದಲ್ಲಿ ಬಾಗಿಲು ಬಡಿದ ಸದ್ದಾಯಿತು. ಟವೆಲಿನಲ್ಲಿ ನಿಂತು ಕ್ಷಮೆ ಕೇಳಿದ ಆ ಗಳಿಗೆಯನ್ನು ಅಮ್ಮ ಇವತ್ತಿಗೂ ನೆಂಟರ ಮುಂದೆ ನಟಿಸಿ ತೋರಿಸುತ್ತಾರೆ.

ಕಮೋಡಿನ ಪಕ್ಕದಲ್ಲಿ ಅದರ ತಮ್ಮನಂತೆ ಕುಳಿತ ಇನ್ನೊಂದು ಪಿಂಗಾಣಿ ತೊಟ್ಟಿಯೇ ಬಿದೆ. ಇಟಲಿಯ ಮನೆಗಳಲ್ಲಿ ಅದಿರಲೇಬೇಕೆಂದು 1975ರ ಸರ್ಕಾರಿ ಆದೇಶವೇ ಇದೆ; ಹೋಟೆಲುಗಳಲ್ಲೂ ಸಾಮಾನ್ಯವಾಗಿ ಕಾಣುತ್ತದೆ. ಕಾಗದದ ದೇಶಗಳಲ್ಲಿ ನರಳಿ ಬಂದ ನಮ್ಮವರಿಗೆ ಇಲ್ಲಿ ನೀರು ಸಿಗುತ್ತದೆ. ಚೊಂಬು ಒಯ್ಯಬೇಕಿಲ್ಲ.

ವಿದ್ಯುತ್ತಿನ ವೋಲ್ಟೇಜು ನಮ್ಮದೇ, 230. ಮೊಬೈಲ್ ಚಾರ್ಜರಿನ ಎರಡು ಕಡ್ಡಿಯ ಪ್ಲಗ್ ಸಾಮಾನ್ಯವಾಗಿ ಹೊಂದುತ್ತದೆ, ನಮ್ಮ ಮೂರು ಕಡ್ಡಿಯದು ಹೊಂದುವುದಿಲ್ಲ, ಅಡಾಪ್ಟರ್ ಒಯ್ಯಿರಿ. ಮನೆಯನ್ನೇ ಬಾಡಿಗೆಗೆ ಹಿಡಿದವರು ಎ.ಸಿ., ಕೆಟಲ್, ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೇ ಹಾಕಬಾರದು. ಅಲ್ಲಿನ ಮನೆಗಳಿಗೆ ಸಾಮಾನ್ಯವಾಗಿ ಇರುವುದು 3 ಕಿಲೋವ್ಯಾಟ್ ಸಂಪರ್ಕ. ಅದು ಮೀರಿದರೆ ದೀಪ ಆರಿ, ಕತ್ತಲಲ್ಲಿ ಸ್ವಿಚ್ ಹುಡುಕುವ ಕೆಲಸ ನಿಮ್ಮದು. ಕಿಟಕಿಗೆ ಮರದ ದಪ್ಪ ಬಾಗಿಲು ಇರುತ್ತದೆ, ಸೊಳ್ಳೆಪರದೆ ಇರುವುದು ಅಪರೂಪ. ಬೇಸಿಗೆಯಲ್ಲಿ ದೀಪ ಆರಿಸಿ ಕಿಟಕಿ ತೆರೆಯಿರಿ. ನಲ್ಲಿ ನೀರು ಕುಡಿಯಬಹುದು. ‘ನೋನ್ ಪೊತಾಬಿಲೆ’ ಎಂದು ಬರೆದ ಕಡೆ ಮಾತ್ರ ಬೇಡ.

ಹೊಟ್ಟೆಯ ವಿಷಯ

ಅಡುಗೆಮನೆಗಳು ಮಧ್ಯಾಹ್ನ ಎರಡೂವರೆ ಸುಮಾರಿಗೆ ಮುಚ್ಚಿ ಸಂಜೆ ಏಳೂವರೆಗೆ ತೆರೆಯುತ್ತವೆ. ನಡುವೆ ಹಸಿದರೆ ಬಾರ್, ಅಂದರೆ ಕಾಫಿ ಅಂಗಡಿ. ನಿಂತು ಕುಡಿದರೆ ಒಂದು ಬೆಲೆ, ಕುಳಿತರೆ ಇನ್ನೊಂದು. ಊಟದ ಬಿಲ್ಲಿನಲ್ಲಿ ‘ಕೊಪೆರ್ತೋ’ ಎಂದಿದ್ದರೆ ಮೋಸವಲ್ಲ; ಕುಳಿತದ್ದಕ್ಕೆ, ಬ್ರೆಡ್ಡಿಗೆ ತಲಾ ಇಷ್ಟು ಎಂಬ ಶುಲ್ಕ.

ಸಸ್ಯಾಹಾರಿಗಳು ‘ಸೆಂಜಾ ಕಾರ್ನೆ, ಸೆಂಜಾ ಪೆಷೆ’, ಮಾಂಸ ಬೇಡ, ಮೀನು ಬೇಡ ಎಂದು ಹೇಳಿ ನಿಲ್ಲಿಸಬಾರದು. ‘ಬ್ರೋದೋ’ ಎಂದರೆ ಸಾರು, ಅದು ಮಾಂಸದ್ದೋ ತರಕಾರಿಯದ್ದೋ ಎಂದು ಕೇಳಬೇಕು. ಚೀಸಿಗೆ ಪ್ರಾಣಿಜನ್ಯ ಹೆಪ್ಪು ಹಾಕುವುದೇ ಹೆಚ್ಚು. ಸಿಯೆನಾದ ಹೊಸೆದ ದಪ್ಪ ಶಾವಿಗೆ ‘ಪಿಚಿ’ಯನ್ನು ಬೆಳ್ಳುಳ್ಳಿ-ಟೊಮೆಟೊ ಗೊಜ್ಜಿನಲ್ಲಿ ಮಾಡುವ ‘ಪಿಚಿ ಅಲ್ಲಾಲ್ಯೋನೆ’ ನಮ್ಮ ನಾಲಿಗೆಗೆ ಹೇಳಿ ಮಾಡಿಸಿದ್ದು. ಟಸ್ಕನಿಯ ಬ್ರೆಡ್ಡಿಗೆ ಉಪ್ಪೇ ಇಲ್ಲ. ಬೆಳಗ್ಗೆ ಅದರ ಮೇಲೆ ಆಲಿವ್ ಎಣ್ಣೆ ಸುರಿದು ಅಮ್ಮ ತಂದಿದ್ದ ಚಟ್ನಿಪುಡಿ ಉದುರಿಸಿಕೊಂಡೆವು. ಪಕ್ಕದ ಮೇಜಿನ ಜರ್ಮನ್ ದಂಪತಿ ಎರಡನೆಯ ದಿನ ಬಟ್ಟಲು ಚಾಚಿದರು. ತುಪ್ಪವನ್ನು ಮಾತ್ರ ಮನೆಯಲ್ಲೇ ಬಿಡಿ. ಹೊರದೇಶದಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರಲು ಐರೋಪ್ಯ ಒಕ್ಕೂಟದಲ್ಲಿ ನಿರ್ಬಂಧವಿದೆ. ಮರಳುವಾಗ ತರಬೇಕಾದದ್ದು ‘ಪಾನ್‌ಫೋರ್ತೆ’: ಬಾದಾಮಿ, ಜೇನು, ಸಕ್ಕರೆಪಾಕದ ಹಣ್ಣು, ಲವಂಗ, ದಾಲ್ಚಿನ್ನಿ. ಸಾಂಪ್ರದಾಯಿಕ ವಿಧಾನದಲ್ಲಿ ಮೊಟ್ಟೆ ಇಲ್ಲ.

ಹೊರಡುವ ದಿನ

ಕೋಣೆ ಬಿಟ್ಟ ಮೇಲೂ ಪೆಟ್ಟಿಗೆ ಇಟ್ಟುಕೊಳ್ಳಲು ಸಾಮಾನ್ಯವಾಗಿ ಒಪ್ಪುತ್ತಾರೆ, ಹಿಂದಿನ ರಾತ್ರಿಯೇ ಕೇಳಿ. ಭಾರದ ಹಿತ್ತಾಳೆ ಗುಂಡಿನ ಬೀಗದಕೈ ಜೇಬಿನಲ್ಲೇ ಉಳಿದಿಲ್ಲ ತಾನೇ ಎಂದು ನೋಡಿಕೊಳ್ಳಿ. ಬಸ್ಸಿನ ವೇಳಾಪಟ್ಟಿಯಲ್ಲಿ ‘ಫೆರಿಯಾಲೆ’ ಎಂದರೆ ಶನಿವಾರವೂ ಸೇರಿದ ಕೆಲಸದ ದಿನಗಳು, ‘ಫೆಸ್ತಿವೋ’ ಎಂದರೆ ಭಾನುವಾರ ಮತ್ತು ರಜೆ. ನಾವು ಹೊರಟದ್ದು ಭಾನುವಾರ, ನೋಡಿಕೊಂಡಿದ್ದು ಫೆರಿಯಾಲೆ ಸಾಲು. ಬರದ ಬಸ್ಸಿಗಾಗಿ ಪಿಯಾಜ್ಜಾ ಗ್ರಾಮ್ಶಿಯಲ್ಲಿ ಕಾದ ಆ ಒಂದು ಗಂಟೆಯಲ್ಲಿ ಅಮ್ಮ ಪಾನ್‌ಫೋರ್ತೆಯ ಪೊಟ್ಟಣ ಬಿಚ್ಚಿ, ನೆಂಟರಿಗೆಂದು ತಂದದ್ದರಲ್ಲಿ ಅರ್ಧ ಮುಗಿಸಿದರು.