ಹಿರಿಯರನ್ನು ಡಾಕ್ಟರ ಬಳಿ ಕರೆದೊಯ್ಯುವ ಮುನ್ನ

ಹಳ್ಳಿಯಲ್ಲಿ ಆಸ್ಪತ್ರೆ ದೂರ. ಪೇಟೆಯಲ್ಲಿ ಹತ್ತಿರವಿದ್ದರೂ ಉದ್ದದ ಸಾಲು, ಕಾಯಿಲೆಗೊಬ್ಬ ಡಾಕ್ಟರು. ನರ್ಸ್ ಆಗಿ ಎರಡೂ ಕಡೆ ಕೆಲಸ ಮಾಡಿದ್ದೇನೆ. ವಯಸ್ಸಾದವರು ಓಡಾಟದಲ್ಲೇ ಸುಸ್ತಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೊದಲು ಔಷಧಿ. ಮಾತ್ರೆ, ಟಾನಿಕ್, ಕಣ್ಣಿನ ಹನಿ, ನೀವೇ ಅಂಗಡಿಯಿಂದ ತಂದ ನೋವಿನ ಗುಳಿಗೆ, ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಬರೀ ಚೀಟಿ ಸಾಲದು. ಒಂದೇ ಔಷಧಿಯನ್ನು ಎರಡು ಹೆಸರಲ್ಲಿ ನುಂಗುತ್ತಿರುವವರು ಇದ್ದಾರೆ. ಕೆಲವು ನೋವಿನ ಗುಳಿಗೆಗಳು ಕಿಡ್ನಿಗೆ ಪೆಟ್ಟು ಕೊಡುತ್ತವೆ. 'ಇದರಲ್ಲಿ ಯಾವುದನ್ನು ಬಿಡಬಹುದು?' ಅಂತ ಧೈರ್ಯವಾಗಿ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಎದ್ದಾಗ ತಲೆ ಸುತ್ತುತ್ತದೆಯೇ? ಮಲಗಿದ್ದಾಗ ಒಮ್ಮೆ, ಎದ್ದು ನಿಂತ 3 ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಿಸಿ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಡಾಕ್ಟರಿಗೆ ತಿಳಿಸಲೇಬೇಕು. ಬೀಳುವ ಭಯವಿದೆ.

ಒಳಗೆ ಹೋದ ಮೇಲೆ ಹಿರಿಯರೇ ಮಾತಾಡಲಿ. ಸ್ವಲ್ಪ ಹೊತ್ತು ನೀವು ಹೊರಗಿರಿ. ಮೂತ್ರ ತಡೆಯಲಾಗದಿರುವುದು, ಬಚ್ಚಲಲ್ಲಿ ಜಾರಿದ್ದು, ಇವನ್ನು ಮಕ್ಕಳೆದುರು ಹೇಳಲು ಸಂಕೋಚ ಅಲ್ವಾ?

ದೂರದಿಂದ ಬರುವವರು ರಕ್ತ ಪರೀಕ್ಷೆ, ಡಾಕ್ಟರ ಭೇಟಿ ಒಂದೇ ದಿನ ಆಗುವಂತೆ ಮೊದಲೇ ಕೇಳಿಕೊಳ್ಳಿ. ರಿಪೋರ್ಟ್ ಬಗ್ಗೆ ಫೋನಿನಲ್ಲಿ ಮಾತಾಡಬಹುದೇ ಎಂದೂ ವಿಚಾರಿಸಿ. ಪೇಟೆಯವರು ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡುವ ಒಬ್ಬ ಡಾಕ್ಟರನ್ನು ಹಿಡಿದುಕೊಳ್ಳಿ.

ಬಾಯಿ ಸೊಟ್ಟಗಾದರೆ, ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಸುಮ್ನೆ ಕಾಯಬೇಡಿ. ಅದು ಪಾರ್ಶ್ವವಾಯು (ಸ್ಟ್ರೋಕ್) ಇರಬಹುದು. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸಿಟಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಗಾಡಿ ಯಾರದ್ದು ಎಂದು ಇವತ್ತೇ ವಿಚಾರಿಸಿ, ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.